ಕಾಣದ ಗ್ರಹವನ್ನು ಕಂಡುಹಿಡಿಯುವುದು ಹೇಗೆ? ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳ ಪ್ರಶ್ನೆ

ವಿಜ್ಞಾನ ಶಿಕ್ಷಕಿ, ಮದ್ದೂರು

ಎಲ್ಲರಿಗೂ ನಮಸ್ಕಾರ. ನಾನು ಮದ್ದೂರು ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಕಳೆದ ವಾರ ಸೌರವ್ಯೂಹದ ಪಾಠ ಮುಗಿಸುವಾಗ, ಬೇರೆ ನಕ್ಷತ್ರಗಳಿಗೂ ಗ್ರಹಗಳಿವೆ, ಅಂಥ ಆರು ಸಾವಿರಕ್ಕೂ ಹೆಚ್ಚು ಗ್ರಹಗಳು ಈಗಾಗಲೇ ಖಚಿತಗೊಂಡಿವೆ ಎಂದು ಮಕ್ಕಳಿಗೆ ಹೇಳಿದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಮಿಸ್, ಗ್ರಹಕ್ಕೆ ಸ್ವಂತ ಬೆಳಕಿಲ್ಲ ಎಂದು ನೀವೇ ಹೇಳಿದ್ದೀರಿ. ನಕ್ಷತ್ರವೇ ಒಂದು ಚುಕ್ಕಿಯ ಹಾಗೆ ಕಾಣುತ್ತದೆ. ಅದರ ಪಕ್ಕದಲ್ಲಿರುವ ಬೆಳಕಿಲ್ಲದ ಗ್ರಹವನ್ನು ಯಾರು ನೋಡಿದರು?" ಎಂದು ಕೇಳಿದಳು. ದೊಡ್ಡ ದೂರದರ್ಶಕಗಳಿಂದ ನೋಡುತ್ತಾರೆ ಎಂದು ಉತ್ತರಿಸಿದೆ. ಅವಳು ಕುಳಿತಳು, ಆದರೆ ಅವಳ ಮುಖದಲ್ಲಿ ಒಪ್ಪಿಗೆ ಇರಲಿಲ್ಲ. ನನ್ನ ಉತ್ತರ ಸರಿಯಲ್ಲವೆಂದು ನನಗೂ ಅನ್ನಿಸಿದೆ. ತಿಳಿದವರು ದಯವಿಟ್ಟು ಬಿಡಿಸಿ ಹೇಳಬೇಕು. ತರಗತಿಯಲ್ಲಿ ಮಾಡಿ ತೋರಿಸಬಹುದಾದ ಪ್ರಯೋಗವೇನಾದರೂ ಇದ್ದರೆ ಅದನ್ನೂ ತಿಳಿಸಿ.

ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ, ಸರಸ್ವತಿಪುರಂ, ಮೈಸೂರು

ಮೇಡಂ, ಆ ಹುಡುಗಿಯ ಸಂಶಯ ನ್ಯಾಯವಾದದ್ದು. ಪಟ್ಟಿಯಲ್ಲಿರುವ ಗ್ರಹಗಳಲ್ಲಿ ಬಹುಪಾಲನ್ನು ಇದುವರೆಗೆ ಯಾರೂ ನೋಡಿಲ್ಲ. ಖಗೋಳ ವಿಜ್ಞಾನಿಗಳು ನೋಡಿರುವುದು ನಕ್ಷತ್ರವನ್ನು, ಮತ್ತು ಗ್ರಹವೊಂದು ಜೊತೆಗಿರುವ ಕಾರಣಕ್ಕೆ ಆ ನಕ್ಷತ್ರದ ಬೆಳಕಿನಲ್ಲಿ ಆಗುವ ಬದಲಾವಣೆಯನ್ನು. ಇದನ್ನು ಮೊದಲು ಹೇಳಿಬಿಟ್ಟರೆ ಮಕ್ಕಳಿಗೆ ಉಳಿದದ್ದು ಸುಲಭವಾಗುತ್ತದೆ.

ನೇರವಾಗಿ ಏಕೆ ಕಾಣುವುದಿಲ್ಲ ಎಂಬುದಕ್ಕೆ ಒಂದು ಅಂದಾಜು ಕೊಡುತ್ತೇನೆ. ಬಹು ದೂರದಿಂದ ನಮ್ಮ ಸೌರವ್ಯೂಹವನ್ನು ನೋಡುವವರಿಗೆ, ಕಣ್ಣಿಗೆ ಕಾಣುವ ಬೆಳಕಿನಲ್ಲಿ, ಸೂರ್ಯನು ಗುರುಗ್ರಹಕ್ಕಿಂತ ಸುಮಾರು ನೂರು ಕೋಟಿ ಪಟ್ಟು, ಭೂಮಿಗಿಂತ ಸುಮಾರು ಸಾವಿರ ಕೋಟಿ ಪಟ್ಟು ಹೆಚ್ಚು ಪ್ರಕಾಶದಿಂದಿರುತ್ತಾನೆ. ರಾತ್ರಿ ಹೆದ್ದಾರಿಯಲ್ಲಿ ಎದುರಿನಿಂದ ಪೂರ್ತಿ ಬೆಳಕು ಹಾಯಿಸಿಕೊಂಡು ಬರುವ ಲಾರಿಯ ದೀಪದ ಪಕ್ಕದಲ್ಲಿ ಹಾರುವ ಹುಳು ನಮಗೆ ಕಾಣುವುದಿಲ್ಲ. ಇಲ್ಲಿ ಲಾರಿ ಹಲವು ಜ್ಯೋತಿರ್ವರ್ಷ ದೂರದಲ್ಲಿದೆ.

ಆದ್ದರಿಂದ ದಾರಿ ಬದಲಿಸಬೇಕಾಯಿತು. ಮಕ್ಕಳು ಕೈ ಕೈ ಹಿಡಿದು ಅಪ್ಪಾಳೆ ತಿಪ್ಪಾಳೆ ಆಡುವುದನ್ನು ನೆನಪಿಸಿಕೊಳ್ಳಿ. ಸಮ ತೂಕದ ಇಬ್ಬರು ತಿರುಗಿದರೆ ಇಬ್ಬರೂ ನಡುವಿನ ಬಿಂದುವನ್ನು ಸುತ್ತುತ್ತಾರೆ. ದೊಡ್ಡಪ್ಪನೊಬ್ಬ ಐದು ವರ್ಷದ ಮಗುವಿನ ಕೈಹಿಡಿದು ತಿರುಗಿದರೆ ಮಗು ಅಂಗಳವನ್ನೆಲ್ಲ ಸುತ್ತಿ ಬರುತ್ತದೆ. ದೊಡ್ಡಪ್ಪನ ಪಾದಗಳು ಸಣ್ಣದೊಂದು ವೃತ್ತದಲ್ಲಿ ಮಾತ್ರ ಸರಿಯುತ್ತವೆ. ಆದರೆ ಸರಿಯದೆ ಇರಲಾರವು. ಮುಸ್ಸಂಜೆಯ ಮಬ್ಬಿನಲ್ಲಿ ಮಗು ಕಾಣದೆ, ದೊಡ್ಡಪ್ಪನ ಬಿಳಿ ಪಂಚೆ ಮಾತ್ರ ಸುತ್ತುತ್ತಿರುವುದು ಕಂಡರೂ, ಅವರು ಯಾರದೋ ಕೈ ಹಿಡಿದಿದ್ದಾರೆಂದು ನಾವು ಹೇಳಬಲ್ಲೆವು. ವೃತ್ತದ ಅಳತೆಯಿಂದ ಮಗು ಎಷ್ಟು ತೂಕದ್ದಿರಬಹುದೆಂದು ಊಹಿಸಲೂಬಲ್ಲೆವು. ಗ್ರಹವೂ ನಕ್ಷತ್ರವೂ ಹೀಗೆಯೇ ಇಬ್ಬರ ನಡುವಿನ ದ್ರವ್ಯರಾಶಿ ಕೇಂದ್ರವನ್ನು ಸುತ್ತುತ್ತವೆ. ಗುರುಗ್ರಹದ ಸೆಳೆತದಿಂದ ನಮ್ಮ ಸೂರ್ಯ ಸೆಕೆಂಡಿಗೆ ಸುಮಾರು 12.5 ಮೀಟರ್ ವೇಗದಲ್ಲಿ, ಎಂದರೆ ಗಂಟೆಗೆ 45 ಕಿಲೋಮೀಟರಿನಂತೆ, ಹನ್ನೆರಡು ವರ್ಷಕ್ಕೊಮ್ಮೆ ಒಂದು ಸಣ್ಣ ಸುತ್ತು ಹಾಕುತ್ತಾನೆ. ಭೂಮಿಯ ಸೆಳೆತದಿಂದ ಅವನಿಗೆ ಬರುವ ವೇಗ ಸೆಕೆಂಡಿಗೆ 9 ಸೆಂಟಿಮೀಟರ್ ಮಾತ್ರ. ಅದು ಆಮೆಯ ನಡಿಗೆ.

ಈ ಓಲಾಟವನ್ನು ಅಳೆಯುವ ಬಗೆ ನಿಮ್ಮ ಊರಿನ ಮಕ್ಕಳಿಗೆ ಚೆನ್ನಾಗಿ ಅರ್ಥವಾಗುತ್ತದೆ, ಏಕೆಂದರೆ ಮದ್ದೂರಿನಲ್ಲಿ ನಿಲ್ಲದೆ ಹೋಗುವ ರೈಲುಗಳನ್ನು ಅವರು ದಿನವೂ ಕೇಳುತ್ತಾರೆ. ರೈಲು ನಮ್ಮ ಕಡೆಗೆ ಬರುವಾಗ ಸಿಳ್ಳಿನ ಶ್ರುತಿ ಏರಿರುತ್ತದೆ, ದಾಟಿ ಹೋದೊಡನೆ ಇಳಿಯುತ್ತದೆ. ಗಂಟೆಗೆ 100 ಕಿಲೋಮೀಟರ್ ವೇಗದ ರೈಲಿನಲ್ಲಿ ಈ ಏರಿಕೆ ಶೇಕಡ 9ರಷ್ಟಿರುವುದರಿಂದ ಯಾರ ಕಿವಿಗಾದರೂ ತಿಳಿಯುತ್ತದೆ. ಬೆಳಕಿಗೂ ಇದೇ ಡಾಪ್ಲರ್ ಪರಿಣಾಮ ಅನ್ವಯಿಸುತ್ತದೆ. ನಕ್ಷತ್ರ ನಮ್ಮತ್ತ ಸರಿದಾಗ ಅದರ ರೋಹಿತದಲ್ಲಿರುವ, ಎಂದರೆ ಬಣ್ಣಬಣ್ಣವಾಗಿ ಬಿಡಿಸಿದ ಬೆಳಕಿನ ಪಟ್ಟಿಯಲ್ಲಿರುವ, ಕಪ್ಪು ಗೆರೆಗಳು ನೀಲಿಯ ಕಡೆಗೆ, ದೂರ ಸರಿದಾಗ ಕೆಂಪಿನ ಕಡೆಗೆ ಕದಲುತ್ತವೆ. ಆದರೆ ಬೆಳಕಿನ ವೇಗ ಅತಿ ಹೆಚ್ಚಾದುದರಿಂದ ಕದಲಿಕೆ ಅತಿ ಕಡಿಮೆ.

1995ರಲ್ಲಿ ಸ್ವಿಟ್ಜರ್ಲೆಂಡಿನ ಮಿಶೆಲ್ ಮಾಯೋರ್ ಮತ್ತು ಡಿಡಿಯೇ ಕೆಲೋ ಅವರು ಫ್ರಾನ್ಸಿನ ಓತ್-ಪ್ರೊವಾನ್ಸ್ ವೀಕ್ಷಣಾಲಯದಲ್ಲಿ ಎಲೋಡಿ ಎಂಬ ರೋಹಿತ ಉಪಕರಣದಿಂದ 51 ಪೆಗಾಸಿ ಎಂಬ ನಕ್ಷತ್ರವನ್ನು ಅಳೆದಾಗ, ಅದು ಸೆಕೆಂಡಿಗೆ ಸುಮಾರು 56 ಮೀಟರ್ ವೇಗದಲ್ಲಿ ಹಿಂದೆ ಮುಂದೆ ಓಲಾಡುತ್ತಿರುವುದು ತಿಳಿಯಿತು. ಬೆಳಕಿನ ಅಲೆಯುದ್ದದಲ್ಲಿ ಇದರ ಪರಿಣಾಮ ಒಂದು ಕೋಟಿಯಲ್ಲಿ ಎರಡು ಪಾಲಿನಷ್ಟು. ಭೂಮಿಯೇ ಸೂರ್ಯನ ಸುತ್ತ ಸೆಕೆಂಡಿಗೆ 30 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುವುದರಿಂದ, ಹುಡುಕುತ್ತಿರುವ ಸುಳಿವಿಗಿಂತ ಐನೂರು ಪಟ್ಟು ದೊಡ್ಡದಾದ ನಮ್ಮದೇ ಚಲನೆಯನ್ನು ಕರಾರುವಾಕ್ಕಾಗಿ ಲೆಕ್ಕ ಹಾಕಿ ಕಳೆಯಬೇಕು. ಒಂದೇ ಗೆರೆಯನ್ನು ನಂಬದೆ ಸಾವಿರಾರು ಗೆರೆಗಳ ಸರಾಸರಿ ತೆಗೆಯುವುದರಿಂದ ಮತ್ತು ಅಲೆಯುದ್ದ ಮೊದಲೇ ಗೊತ್ತಿರುವ ಥೋರಿಯಂ ದೀಪದ ಗೆರೆಗಳೊಂದಿಗೆ ಹೋಲಿಸುವುದರಿಂದ ಇದು ಸಾಧ್ಯವಾಯಿತು.

ಸಿಕ್ಕಿದ್ದು ಗುರುಗ್ರಹದ ಅರ್ಧದಷ್ಟು ದ್ರವ್ಯರಾಶಿಯ, ತನ್ನ ನಕ್ಷತ್ರವನ್ನು 4.2 ದಿನಗಳಲ್ಲಿಯೇ ಸುತ್ತಿ ಮುಗಿಸುವ ಗ್ರಹ. ಹನ್ನೆರಡು ವರ್ಷದ ಕಕ್ಷೆಯ ಗುರುವಿನಂಥದನ್ನು ನಿರೀಕ್ಷಿಸಿದ್ದವರಿಗೆ ಇದು ಎಣಿಕೆಗೆ ಮೀರಿದ್ದಾಗಿತ್ತು. ಆಟೋ ಸ್ಟ್ರೂವ ಎಂಬ ಖಗೋಳ ವಿಜ್ಞಾನಿ, ದೊಡ್ಡ ಗ್ರಹಗಳು ನಕ್ಷತ್ರದ ಮಗ್ಗುಲಲ್ಲಿಯೇ ಇರಬಹುದು, ಅವುಗಳನ್ನು ಹುಡುಕಿರೆಂದು 1952ರಲ್ಲಿಯೇ ಬರೆದಿದ್ದರು. ಆ ಮಾತನ್ನು ಬಹಳ ಜನ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಮಾಯೋರ್ ಮತ್ತು ಕೆಲೋ ಅವರಿಗೆ 2019ರಲ್ಲಿ ಭೌತಶಾಸ್ತ್ರದ ನೊಬೆಲ್ ಬಹುಮಾನದ ಅರ್ಧ ಭಾಗ ದೊರೆಯಿತು.

ಆ ನಕ್ಷತ್ರವನ್ನು ಮಕ್ಕಳಿಗೆ ತೋರಿಸಲು ಅಕ್ಟೋಬರ್, ನವೆಂಬರ್ ತಿಂಗಳ ರಾತ್ರಿಗಳು ತಕ್ಕವು. ನಮ್ಮ ಪಂಚಾಂಗದ ಪೂರ್ವಾಭಾದ್ರದ ಎರಡು ನಕ್ಷತ್ರಗಳನ್ನು ಸೇರಿಸುವ ಗೆರೆಯ ನಡುಭಾಗದಲ್ಲಿ, ಸ್ವಲ್ಪ ಪಶ್ಚಿಮಕ್ಕೆ, ಅದು ಇದೆ. ಊರ ದೀಪಗಳಿಂದ ದೂರ ಹೋದರೆ ಬರಿಗಣ್ಣಿಗೆ ಮಸುಕಾಗಿ ಕಾಣುತ್ತದೆ. ಬೈನಾಕ್ಯುಲರ್ ಇದ್ದರೆ ಸಂಶಯವೇ ಇರುವುದಿಲ್ಲ.

ಎಂಜಿನಿಯರಿಂಗ್ ವಿದ್ಯಾರ್ಥಿ, ಮಂಡ್ಯ

ಸರ್, ಬಹಳ ಚೆನ್ನಾಗಿ ವಿವರಿಸಿದ್ದೀರಿ. ನನ್ನದೊಂದು ಆಕ್ಷೇಪವಿದೆ. ರೋಹಿತದ ಗೆರೆ ಕದಲಿತು ಎಂದರೆ ನಕ್ಷತ್ರದ ಮೇಲ್ಮೈ ನಮ್ಮತ್ತ ಬಂದು ಹೋಯಿತು ಎಂದಷ್ಟೇ ಅರ್ಥ. ನಕ್ಷತ್ರವೇ ಉಸಿರಾಡುವಂತೆ ಉಬ್ಬಿ ಕುಗ್ಗುತ್ತಿದ್ದರೂ ಗೆರೆ ಹಾಗೆಯೇ ಕದಲುವುದಿಲ್ಲವೇ? ಗ್ರಹವೇ ಕಾರಣ ಎಂದು ಹೇಗೆ ತೀರ್ಮಾನಿಸಿದರು?

ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ, ಸರಸ್ವತಿಪುರಂ, ಮೈಸೂರು

ಇದೇ ಆಕ್ಷೇಪವನ್ನು ಆಗಲೇ ಎತ್ತಿದ್ದರು. ಮೊದಲನೆಯದಾಗಿ, ಪ್ರಕಟಣೆಯಾದ ಕೆಲವೇ ದಿನಗಳಲ್ಲಿ ಅಮೆರಿಕದ ಜೆಫ್ರಿ ಮಾರ್ಸಿ ಮತ್ತು ಪಾಲ್ ಬಟ್ಲರ್ ತಮ್ಮದೇ ಉಪಕರಣದಿಂದ ಅಳೆದು ಅದೇ 4.2 ದಿನಗಳ ಓಲಾಟವನ್ನು ಕಂಡರು. ಹೀಗಾಗಿ ಉಪಕರಣದ ದೋಷ ಎನ್ನುವಂತಿರಲಿಲ್ಲ. 1997ರಲ್ಲಿ ಡೇವಿಡ್ ಗ್ರೇ ಎಂಬ ವಿಜ್ಞಾನಿ, ಗೆರೆಗಳ ಆಕಾರವೇ ಬದಲಾಗುತ್ತಿದೆ, ಆದ್ದರಿಂದ ಇದು ನಕ್ಷತ್ರದ ಮಿಡಿತ, ಗ್ರಹವಲ್ಲ ಎಂದು ವಾದಿಸಿದರು. ನಕ್ಷತ್ರ ಇಡಿಯಾಗಿ ಸರಿದರೆ ಗೆರೆ ತನ್ನ ಆಕಾರ ಉಳಿಸಿಕೊಂಡು ಸರಿಯಬೇಕು. ಮೇಲ್ಮೈ ಮಿಡಿದರೆ ಆಕಾರ ಸೊಟ್ಟಗಾಗಬೇಕು. ಪರೀಕ್ಷೆ ಸರಿಯಾದದ್ದೇ. ಆದರೆ ಇನ್ನಷ್ಟು ನಿಖರವಾದ ಅಳತೆಗಳಲ್ಲಿ ಆಕಾರ ಬದಲಾಗುವುದು ಕಾಣಲಿಲ್ಲ, ಮರುವರ್ಷ ಗ್ರೇ ಅವರೇ ಗ್ರಹವನ್ನು ಒಪ್ಪಿಕೊಂಡು ಬರೆದರು. ನನ್ನ ವಿದ್ಯಾರ್ಥಿಗಳಿಗೆ ನಾನು ಈ ಸಂಗತಿಯನ್ನು ತಪ್ಪದೆ ಹೇಳುತ್ತಿದ್ದೆ.

ಹೀಗೆ ಸಂಶಯಪಡಲು ಕಾರಣವೂ ಇತ್ತು. 1855ರಲ್ಲಿ ನಮ್ಮ ನೆರೆಯ ಮದರಾಸು ವೀಕ್ಷಣಾಲಯದ ಮುಖ್ಯಸ್ಥರಾಗಿದ್ದ ಕ್ಯಾಪ್ಟನ್ ಜೇಕಬ್, ಉರಗಧರ ರಾಶಿಯ 70 ಓಫಿಯೂಕಿ ಎಂಬ ಜೋಡಿ ನಕ್ಷತ್ರದ ಕಕ್ಷೆಯಲ್ಲಿ ವ್ಯತ್ಯಾಸ ಕಂಡು, ಅಲ್ಲಿ ಗ್ರಹವಿರುವ ಸಂಭವ ಹೆಚ್ಚೆಂದು ಪ್ರಕಟಿಸಿದ್ದರು. ಅದು ನಿಲ್ಲಲಿಲ್ಲ. 1963ರಲ್ಲಿ ಪೀಟರ್ ವಾನ್ ಡಿ ಕಾಂಪ್ ಅವರು ಬರ್ನಾರ್ಡ್ ನಕ್ಷತ್ರಕ್ಕೆ ಗ್ರಹವಿದೆ ಎಂದರು. ಹತ್ತು ವರ್ಷಗಳ ನಂತರ ಬೇರೆಯವರು ಅಳೆದಾಗ ಓಲಾಟ ಕಾಣಲಿಲ್ಲ, ವಾನ್ ಡಿ ಕಾಂಪ್ ಅವರದೇ ದೂರದರ್ಶಕದ ಮಸೂರವನ್ನು ಬಿಚ್ಚಿ ಜೋಡಿಸಿದ ಕಾಲಕ್ಕೆ ನಕ್ಷತ್ರದ "ಓಲಾಟ" ಹೊಂದುತ್ತಿತ್ತು ಎಂಬುದು ಹೊರಬಿತ್ತು. ಅದೇ ಬರ್ನಾರ್ಡ್ ನಕ್ಷತ್ರದ ಸುತ್ತ, ಮೂರು ದಿನಗಳ ಕಕ್ಷೆಯಲ್ಲಿ, ಭೂಮಿಗಿಂತ ಹಗುರವಾದ ಗ್ರಹವೊಂದು 2024ರಲ್ಲಿ ನಿಜವಾಗಿಯೂ ಸಿಕ್ಕಿತು. ಆದರೆ ಅದು ವಾನ್ ಡಿ ಕಾಂಪ್ ಹೇಳಿದ ಗ್ರಹವಲ್ಲ.

ಅಗ್ರಹಾರ ನಿವಾಸಿ, ಮೈಸೂರು

ಮೇಡಂ, ಓಲಾಟದ ವಿಧಾನ ಮೊದಲು ಗೆದ್ದಿತಾದರೂ ಇಂದಿನ ಪಟ್ಟಿಯ ಬಹುಪಾಲು ಗ್ರಹಗಳು ಸಿಕ್ಕಿರುವುದು ಇನ್ನೊಂದು ವಿಧಾನದಿಂದ. ಅದಕ್ಕೆ ಸಂಕ್ರಮಣ ಎನ್ನುತ್ತಾರೆ. ಗ್ರಹದ ಕಕ್ಷೆ ನಮ್ಮ ದೃಷ್ಟಿರೇಖೆಗೆ ಸರಿಯಾಗಿ ಅಂಚು ತೋರುವಂತಿದ್ದರೆ, ಪ್ರತಿ ಸುತ್ತಿನಲ್ಲಿಯೂ ಗ್ರಹ ನಕ್ಷತ್ರದ ಮುಂದೆ ಹಾದು ಹೋಗಿ ಬೆಳಕನ್ನು ತುಸು ತಡೆಯುತ್ತದೆ.

ಎಷ್ಟು ತಡೆಯುತ್ತದೆ ಎಂಬುದನ್ನು ನಮ್ಮ ಅರಮನೆಯ ದೀಪಾಲಂಕಾರದಿಂದ ಹೇಳಬಹುದು. ಅರಮನೆಗೆ ಸುಮಾರು 97,000 ಬಲ್ಬುಗಳಿವೆ. ದೊಡ್ಡಕೆರೆ ಮೈದಾನದಲ್ಲಿ ನಿಂತು ನೀವು ಬಲ್ಬುಗಳನ್ನು ಬಿಡಿಬಿಡಿಯಾಗಿ ನೋಡದೆ, ಒಟ್ಟು ಬೆಳಕನ್ನು ಮಾತ್ರ ಒಂದು ಮಾಪಕದಿಂದ ಅಳೆಯುತ್ತಿದ್ದೀರಿ ಎಂದುಕೊಳ್ಳಿ. ಸೂರ್ಯನ ಮುಂದೆ ಗುರುಗ್ರಹ ಹಾದರೆ ಬೆಳಕು ಶೇಕಡ ಒಂದರಷ್ಟು ತಗ್ಗುತ್ತದೆ. ಎಂದರೆ ಸುಮಾರು 970 ಬಲ್ಬುಗಳು ಆರಿದಂತೆ. ಭೂಮಿ ಹಾದರೆ ತಗ್ಗುವುದು ಹತ್ತು ಲಕ್ಷದಲ್ಲಿ 84 ಪಾಲು. ಇಡೀ ಅರಮನೆಯಲ್ಲಿ ಎಂಟು ಬಲ್ಬುಗಳು ಆರಿದಂತೆ. ದಸರೆಯ ಜನಜಂಗುಳಿಯಲ್ಲಿ ನಿಂತ ಯಾರಿಗೂ ಅದು ತಿಳಿಯುವುದಿಲ್ಲ, ಆದರೆ ಕೆಪ್ಲರ್ ಎಂಬ ಆಕಾಶ ದೂರದರ್ಶಕವನ್ನು ಈ ಎಂಟು ಬಲ್ಬುಗಳನ್ನು ಎಣಿಸಲೆಂದೇ ಕಟ್ಟಿದ್ದರು. ಅದನ್ನು 2009ರ ಮಾರ್ಚಿನಲ್ಲಿ ಹಾರಿಸಿದರು. ಆಕಾಶದ ಒಂದೇ ತುಂಡಿನಲ್ಲಿರುವ ಸುಮಾರು ಒಂದೂವರೆ ಲಕ್ಷ ನಕ್ಷತ್ರಗಳನ್ನು ಅದು ಎವೆಯಿಕ್ಕದೆ ನೋಡುತ್ತ ಕುಳಿತಿತು.

ಒಂದೂವರೆ ಲಕ್ಷ ಏಕೆಂದರೆ, ಅಂಚು ತೋರುವ ಕಕ್ಷೆಗಳು ಅಪರೂಪ. ಸೂರ್ಯನಂಥ ನಕ್ಷತ್ರಕ್ಕೆ ಭೂಮಿಯಂಥ ದೂರದಲ್ಲಿ ಗ್ರಹವಿದ್ದರೆ, ಅದರ ಸಂಕ್ರಮಣ ನಮಗೆ ಕಾಣುವ ಸಾಧ್ಯತೆ ಇನ್ನೂರರಲ್ಲಿ ಒಂದು. 51 ಪೆಗಾಸಿಯ ಗ್ರಹದಂತೆ ನಕ್ಷತ್ರಕ್ಕೆ ಅಂಟಿಕೊಂಡಂತೆ ಸುತ್ತುವವಕ್ಕಾದರೆ ಹತ್ತರಲ್ಲಿ ಒಂದು. ಹೀಗಾಗಿಯೇ ನಮ್ಮ ಪಟ್ಟಿಗಳಲ್ಲಿ ನಕ್ಷತ್ರಕ್ಕೆ ಹತ್ತಿರದ ಗ್ರಹಗಳು ತುಂಬಿಕೊಂಡಿವೆ. ವಿಶ್ವದಲ್ಲಿ ಅಂಥವೇ ಹೆಚ್ಚೆಂದು ಮಕ್ಕಳು ತಿಳಿಯದಂತೆ ನೋಡಿಕೊಳ್ಳಿ. ಬಲೆಯ ಕಣ್ಣಿಗೆ ತಕ್ಕ ಮೀನು ಮಾತ್ರ ಸಿಗುತ್ತದೆ.

ಬೆಳಕು ತಗ್ಗಿದ ಮಾತ್ರಕ್ಕೆ ಗ್ರಹವೆನ್ನುವಂತೆಯೂ ಇಲ್ಲ. ವೋಲ್ಟೇಜ್ ಇಳಿದರೂ ಅರಮನೆ ಮಂಕಾಗುತ್ತದೆ. ನಕ್ಷತ್ರದ ಮೇಲಿನ ಕಪ್ಪು ಕಲೆಗಳು ಹೀಗೆಯೇ ಮೋಸ ಮಾಡುತ್ತವೆ. ಆದರೆ ಕಲೆಗಳಿಂದಾಗುವ ಏರಿಳಿತ ನಿಧಾನವಾದದ್ದು, ದಿನಗಟ್ಟಲೆ ಎಳೆಯುವಂಥದು. ಗ್ರಹ ತಂದ ಇಳಿತ ಕೆಲವೇ ಗಂಟೆಗಳದ್ದು, ತಟ್ಟನೆ ಇಳಿದು, ಚಪ್ಪಟೆ ತಳದಲ್ಲಿ ಸಾಗಿ, ತಟ್ಟನೆ ಏರುತ್ತದೆ, ಮತ್ತು ಗಡಿಯಾರದಂತೆ ಮರುಕಳಿಸುತ್ತದೆ. ಕನಿಷ್ಠ ಮೂರು ಸಲ ಅದೇ ಅಂತರದಲ್ಲಿ ಇಳಿತ ಕಾಣಬೇಕೆಂದು ಕೆಪ್ಲರ್ ತಂಡ ನಿಯಮವಿಟ್ಟುಕೊಂಡಿತ್ತು. ಇದಕ್ಕಿಂತ ಕಠಿಣವಾದ ಮೋಸ ಜೋಡಿ ನಕ್ಷತ್ರಗಳದ್ದು. ಹಿನ್ನೆಲೆಯಲ್ಲಿ ಎರಡು ನಕ್ಷತ್ರಗಳು ಒಂದನ್ನೊಂದು ಮರೆಮಾಡುತ್ತಿದ್ದು ಅವುಗಳ ಬೆಳಕು ನಮ್ಮ ನಕ್ಷತ್ರದೊಂದಿಗೆ ಬೆರೆತರೆ ಪುಟ್ಟ ಗ್ರಹದಂಥ ಇಳಿತವೇ ಬರುತ್ತದೆ. ಇಳಿತದ ಹೊತ್ತಿನಲ್ಲಿ ಬೆಳಕಿನ ಕೇಂದ್ರ ಪಕ್ಕಕ್ಕೆ ಸರಿಯಿತೇ, ಒಂದು ಬಿಟ್ಟು ಒಂದು ಇಳಿತದ ಆಳ ಬೇರೆಯೇ, ಬೇರೆ ಬೇರೆ ಬಣ್ಣಗಳಲ್ಲಿ ಇಳಿತ ಒಂದೇ ಪ್ರಮಾಣದಲ್ಲಿದೆಯೇ ಎಂದೆಲ್ಲ ಪರೀಕ್ಷಿಸಿ ಅಂಥವನ್ನು ಹೊರಹಾಕುತ್ತಾರೆ. ಇಷ್ಟಾದ ಮೇಲೂ ಕೆಪ್ಲರ್ ದತ್ತಾಂಶದಿಂದ 2,600ಕ್ಕೂ ಹೆಚ್ಚು ಗ್ರಹಗಳು ಉಳಿದವು. 2018ರಲ್ಲಿ ಅದರ ಇಂಧನ ಮುಗಿಯಿತು. ಅದೇ ವರ್ಷ ಹಾರಿದ ಟೆಸ್ ಎಂಬ ಇನ್ನೊಂದು ಆಕಾಶ ದೂರದರ್ಶಕ ಈಗ ಬಹುತೇಕ ಇಡೀ ಆಕಾಶವನ್ನು ಸರದಿಯ ಮೇಲೆ ನೋಡುತ್ತಿದೆ.

ಕಬ್ಬು ಬೆಳೆಗಾರ, ಪಾಂಡವಪುರ

ಉಪನ್ಯಾಸಕರು ಗ್ರಹದ ತೂಕ ಹೇಳಿದರು, ಅಗ್ರಹಾರದವರು ಗಾತ್ರ ಹೇಳಿದರು. ಒಂದೇ ಗ್ರಹಕ್ಕೆ ಎರಡೂ ತಿಳಿದರೆ ಅದು ಕಲ್ಲಿನದೋ ಗಾಳಿಯದೋ ಎಂದು ಹೇಳಬಹುದಲ್ಲವೇ? ನಾವು ಕಬ್ಬಿನ ಹಾಲಿನ ಸಾಂದ್ರತೆ ನೋಡಿ ಸಕ್ಕರೆ ಎಷ್ಟಿದೆ ಎಂದು ತಿಳಿಯುವ ಹಾಗೆ. ಭಾರತದಲ್ಲಿ ಈ ಕೆಲಸ ಯಾರಾದರೂ ಮಾಡುತ್ತಿದ್ದಾರೆಯೇ ಎಂಬುದನ್ನೂ ತಿಳಿಯುವ ಆಸೆ.

ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ, ಸರಸ್ವತಿಪುರಂ, ಮೈಸೂರು

ನೀವು ವಿಷಯದ ತಿರುಳಿಗೇ ಬಂದಿದ್ದೀರಿ. ಓಲಾಟದಿಂದ ಮಾತ್ರ ಸಿಗುವುದು ಕನಿಷ್ಠ ದ್ರವ್ಯರಾಶಿ, ಏಕೆಂದರೆ ಕಕ್ಷೆ ಎಷ್ಟು ವಾಲಿದೆ ಎಂದು ಅದರಿಂದ ತಿಳಿಯುವುದಿಲ್ಲ. ನಮ್ಮತ್ತ ಬರುವ ಚಲನೆಯ ಭಾಗವಷ್ಟೇ ಗೆರೆಗಳಲ್ಲಿ ಕಾಣುತ್ತದೆ. ಅದೇ ಗ್ರಹ ಸಂಕ್ರಮಣವನ್ನೂ ತೋರಿದರೆ ಕಕ್ಷೆ ಅಂಚು ತೋರುತ್ತಿದೆಯೆಂದು ಖಚಿತವಾಗಿ, ನಿಜವಾದ ದ್ರವ್ಯರಾಶಿಯೂ ಗಾತ್ರವೂ ಒಟ್ಟಿಗೆ ದೊರೆಯುತ್ತವೆ. ಇದು ಮೊದಲು ಸಾಧ್ಯವಾದದ್ದು 1999ರಲ್ಲಿ, ಎಚ್‌ಡಿ 209458 ಎಂಬ ನಕ್ಷತ್ರದಲ್ಲಿ. ಓಲಾಟದಿಂದ ಮೊದಲೇ ತಿಳಿದಿದ್ದ ಗ್ರಹ, ಲೆಕ್ಕ ಹಾಕಿದ ಗಂಟೆಗೇ ನಕ್ಷತ್ರದ ಮುಂದೆ ಹಾಯ್ದು ಬೆಳಕನ್ನು ಶೇಕಡ ಒಂದೂವರೆಯಷ್ಟು ತಗ್ಗಿಸಿತು. ಮಂಡ್ಯದ ವಿದ್ಯಾರ್ಥಿ ಎತ್ತಿದಂಥ ಸಂಶಯಗಳಿಗೆ ಅಂದು ತೆರೆ ಬಿದ್ದಿತು.

ಭಾರತದ ಉದಾಹರಣೆಯಿಂದಲೇ ನಿಮ್ಮ ಲೆಕ್ಕವನ್ನು ಮಾಡೋಣ. ರಾಜಸ್ಥಾನದ ಮೌಂಟ್ ಅಬುವಿನ ಗುರುಶಿಖರದಲ್ಲಿ ಭೌತಿಕ ಸಂಶೋಧನಾ ಪ್ರಯೋಗಾಲಯದವರ ವೀಕ್ಷಣಾಲಯವಿದೆ. ಅಲ್ಲಿ ಪಾರಸ್ ಎಂಬ ರೋಹಿತ ಉಪಕರಣವನ್ನು ನಿರ್ವಾತದಲ್ಲಿ, ಉಷ್ಣತೆ ಕದಲದಂತೆ ಇರಿಸಿದ್ದಾರೆ. ಸುಮಾರು 600 ಜ್ಯೋತಿರ್ವರ್ಷ ದೂರದ ಒಂದು ನಕ್ಷತ್ರದಲ್ಲಿ ಕೆಪ್ಲರ್ ಇಳಿತ ಕಂಡಿತ್ತು. ಪಾರಸ್ ಅದರ ಓಲಾಟವನ್ನು ಅಳೆದು, ಅಲ್ಲಿರುವುದು ಗ್ರಹವೇ ಎಂದು 2018ರಲ್ಲಿ ಖಚಿತಪಡಿಸಿತು. ಅದರ ದ್ರವ್ಯರಾಶಿ ಭೂಮಿಯ ಸುಮಾರು 27 ಪಟ್ಟು, ತ್ರಿಜ್ಯ ಸುಮಾರು 6 ಪಟ್ಟು, ಅದರ ವರ್ಷ ನಮ್ಮ 19.5 ದಿನ. ತ್ರಿಜ್ಯ 6 ಪಟ್ಟಾದರೆ ಗಾತ್ರ 6 ಗುಣಿಸು 6 ಗುಣಿಸು 6, ಎಂದರೆ 216 ಪಟ್ಟು. 27ನ್ನು 216ರಿಂದ ಭಾಗಿಸಿದರೆ ಎಂಟರಲ್ಲಿ ಒಂದು. ಭೂಮಿಯ ಸರಾಸರಿ ಸಾಂದ್ರತೆ ನೀರಿನ ಐದೂವರೆ ಪಟ್ಟು. ಅದರ ಎಂಟನೆಯ ಒಂದು ಭಾಗ ಸುಮಾರು 0.7. ಎಂದರೆ ಇಡೀ ಗ್ರಹ ನೀರಿಗಿಂತ ಹಗುರ. ಅದರ ಮೇಲ್ಪದರ ದಪ್ಪನೆಯ ಅನಿಲವಾಗಿರಲೇಬೇಕು. ಒಂಬತ್ತನೆಯ ತರಗತಿಯ ಮಕ್ಕಳು ಈ ಲೆಕ್ಕವನ್ನು ಕರಿಹಲಗೆಯ ಮೇಲೆ ಮಾಡಬಲ್ಲರು. ಅಲ್ಲಿ ಈಗ ಎರಡೂವರೆ ಮೀಟರ್ ದೂರದರ್ಶಕಕ್ಕೆ ಪಾರಸ್-2 ಜೋಡಿಸಿದ್ದಾರೆ.

ಇನ್ನೊಂದು ಸಂಗತಿ ಮಕ್ಕಳಿಗೆ ಇಷ್ಟವಾಗಬಹುದು. ಅಂತರರಾಷ್ಟ್ರೀಯ ಖಗೋಳ ಒಕ್ಕೂಟ 2019ರಲ್ಲಿ ಪ್ರತಿ ದೇಶಕ್ಕೂ ಒಂದು ನಕ್ಷತ್ರ ಮತ್ತು ಅದರ ಗ್ರಹಕ್ಕೆ ಹೆಸರಿಡುವ ಅವಕಾಶ ಕೊಟ್ಟಾಗ, ಭಾರತ ಎಚ್‌ಡಿ 86081 ನಕ್ಷತ್ರಕ್ಕೆ ಭೌತವಿಜ್ಞಾನಿ ಬಿಭಾ ಚೌಧುರಿ ಅವರ ನೆನಪಿಗೆ "ಬಿಭಾ" ಎಂದೂ ಗ್ರಹಕ್ಕೆ "ಸಂತಮಸ" ಎಂದೂ ಹೆಸರಿಟ್ಟಿತು.

ಹವ್ಯಾಸಿ ಆಕಾಶ ವೀಕ್ಷಕ, ಶ್ರೀರಂಗಪಟ್ಟಣ

ಇವೆಲ್ಲ ದೊಡ್ಡ ವೀಕ್ಷಣಾಲಯಗಳ ಕೆಲಸವೆಂದು ಯಾರೂ ಕೈಚೆಲ್ಲಬಾರದು ಎಂಬ ಕಾರಣಕ್ಕೆ ಬರೆಯುತ್ತಿದ್ದೇನೆ. ಎಂಟು ಅಂಗುಲದ ದೂರದರ್ಶಕ ಮತ್ತು ಒಂದು ಸಾಧಾರಣ ಖಗೋಳ ಕ್ಯಾಮೆರಾದಿಂದ ಸಂಕ್ರಮಣವನ್ನು ದಾಖಲಿಸಬಹುದು. ನಾನು ಆರಿಸಿಕೊಂಡದ್ದು ಎಚ್‌ಡಿ 189733. ಅದರ ಗ್ರಹ 2.2 ದಿನಕ್ಕೊಮ್ಮೆ ಸುತ್ತುತ್ತದೆ, ಇಳಿತ ಶೇಕಡ ಎರಡಕ್ಕಿಂತ ಹೆಚ್ಚು, ಸಂಕ್ರಮಣ ಎರಡು ಗಂಟೆಯೊಳಗೆ ಮುಗಿಯುತ್ತದೆ, ಅಕ್ಟೋಬರ್ ಸಂಜೆಗಳಲ್ಲಿ ನಮ್ಮ ಊರಿನ ನೆತ್ತಿಯ ಸಮೀಪವೇ ಇರುತ್ತದೆ.

ಮೇಲುಕೋಟೆಯ ಬೆಟ್ಟದ ಮೇಲೆ ನಾನು ಮಾಡಿದ ಮೊದಲ ಪ್ರಯತ್ನ ಕೈಗೂಡಲಿಲ್ಲ. ಚಿತ್ರ ಚೂಪಾಗಿರಬೇಕೆಂದು ನಕ್ಷತ್ರವನ್ನು ಸೂಜಿಮೊನೆಯಷ್ಟು ತೀಕ್ಷ್ಣವಾಗಿ ನಾಭೀಕರಿಸಿದ್ದೆ. ಬೆಳಕೆಲ್ಲ ಕ್ಯಾಮೆರಾದ ಎರಡು ಮೂರು ಕಣಗಳ ಮೇಲೆ ಬಿದ್ದು ಅವು ತುಂಬಿಹೋದವು. ದೂರದರ್ಶಕ ಕೂದಲೆಳೆಯಷ್ಟು ಸರಿದರೂ ಅಳತೆ ಏರಿಳಿಯಿತು. ಮರುಸಲ ಬೇಕೆಂದೇ ನಾಭಿಯನ್ನು ಸ್ವಲ್ಪ ಕೆಡಿಸಿ ನಕ್ಷತ್ರವನ್ನು ಸಣ್ಣ ಬಿಲ್ಲೆಯಂತೆ ಹರಡಿದೆ. ಚಿತ್ರ ನೋಡಲು ಚೆನ್ನಾಗಿರಲಿಲ್ಲ, ಅಳತೆ ಚೆನ್ನಾಗಿ ಬಂತು. ಇನ್ನೊಂದು ಮುಖ್ಯ ಸೂತ್ರವೆಂದರೆ ಆ ನಕ್ಷತ್ರವನ್ನು ಒಂಟಿಯಾಗಿ ಅಳೆಯದೆ, ಅದೇ ಚಿತ್ರದಲ್ಲಿರುವ ನೆರೆಯ ನಕ್ಷತ್ರಗಳೊಂದಿಗೆ ಹೋಲಿಸುವುದು. ತೆಳು ಮೋಡ ಹಾದರೆ ಎಲ್ಲವೂ ಒಟ್ಟಿಗೆ ಮಂಕಾಗುತ್ತವೆ, ಆದ್ದರಿಂದ ಅನುಪಾತ ಬದಲಾಗುವುದಿಲ್ಲ. ಗ್ರಹ ಹಾದರೆ ಒಂದೇ ಮಂಕಾಗುತ್ತದೆ. ಸಂಕ್ರಮಣಕ್ಕೆ ಒಂದು ಗಂಟೆ ಮೊದಲು ಆರಂಭಿಸಿ, ಮುಗಿದ ಮೇಲೂ ಒಂದು ಗಂಟೆ ಬಿಡದೆ ಚಿತ್ರ ತೆಗೆಯಬೇಕು, ಇಲ್ಲವಾದರೆ ಇಳಿತವನ್ನು ಯಾವ ಮಟ್ಟದಿಂದ ಅಳೆಯುವುದೆಂದೇ ತಿಳಿಯುವುದಿಲ್ಲ. ಮನೆಗೆ ಬಂದು ಬಿಂದುಗಳನ್ನು ಗುರುತಿಸಿದಾಗ ನಡುವಿನಲ್ಲಿ ಹಳ್ಳವೊಂದು ಕಾಣಿಸಿತು. ಸುಮಾರು 64 ಜ್ಯೋತಿರ್ವರ್ಷ ದೂರದ ಗ್ರಹದ ನೆರಳು ಅದು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ವಿಜ್ಞಾನ ಶಿಕ್ಷಕಿ, ಮದ್ದೂರು

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಇದನ್ನೆಲ್ಲ ಓದಿ ನಿನ್ನೆ ತರಗತಿಯಲ್ಲಿ ಒಂದು ಪ್ರಯೋಗ ಮಾಡಿದೆವು. ಸುಮಾರು 6 ಸೆಂಟಿಮೀಟರ್ ಅಗಲದ ಹಾಲುಬಣ್ಣದ ಬಲ್ಬು ನಕ್ಷತ್ರವಾಯಿತು. 6 ಮಿಲಿಮೀಟರಿನ ಕಡಲೆಕಾಳೊಂದನ್ನು ದಾರಕ್ಕೆ ಅಂಟಿಸಿ ಗ್ರಹ ಮಾಡಿದೆವು. ಬೆಳಕಿನ ಮಾಪಕದ ಆ್ಯಪ್ ಇರುವ ಮೊಬೈಲನ್ನು ಎರಡು ಮೀಟರ್ ದೂರದಲ್ಲಿಟ್ಟು, ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ ಕಟ್ಟಿ, ಕಾಳನ್ನು ನಡುವೆ ಹಾಯಿಸಿದೆವು. ಅಗಲ ಹತ್ತರಲ್ಲಿ ಒಂದು ಇರುವುದರಿಂದ ವಿಸ್ತೀರ್ಣ ನೂರರಲ್ಲಿ ಒಂದು, ಆದ್ದರಿಂದ ಬೆಳಕು ಶೇಕಡ ಒಂದರಷ್ಟು ತಗ್ಗಬೇಕೆಂದು ಮಕ್ಕಳು ಮೊದಲೇ ಲೆಕ್ಕ ಹಾಕಿದ್ದರು. ಆದರೆ ಪ್ರತಿ ಸಲವೂ ಶೇಕಡ ನಾಲ್ಕರಷ್ಟು ತಗ್ಗಿತು. ನಾವು ಎಲ್ಲಿ ತಪ್ಪಿದೆವು?

ಅಗ್ರಹಾರ ನಿವಾಸಿ, ಮೈಸೂರು

ಮೇಡಂ, ಕಾಳನ್ನು ಎಲ್ಲಿ ಹಿಡಿದಿದ್ದಿರಿ? ಬಲ್ಬು ಮತ್ತು ಮೊಬೈಲಿನ ಸರಿಯಾದ ನಡುವಿನಲ್ಲಿ ಹಿಡಿದಿದ್ದರೆ ಮೊಬೈಲಿಗೆ ಅದು ಎರಡು ಪಟ್ಟು ಅಗಲವಾಗಿ ಕಾಣುತ್ತದೆ. ಎರಡರ ವರ್ಗ ನಾಲ್ಕು. ನಿಮ್ಮ ಅಳತೆ ತಪ್ಪಿಲ್ಲ, ಬಹಳ ಸರಿಯಾಗಿದೆ. ಕಾಳನ್ನು ಬಲ್ಬಿಗೆ ತಾಗುವಷ್ಟು ಹತ್ತಿರ ಹಿಡಿದು ಮೊಬೈಲನ್ನು ಸಾಧ್ಯವಾದಷ್ಟು ದೂರ ಒಯ್ದರೆ ಶೇಕಡ ಒಂದು ಬರುತ್ತದೆ. ನಕ್ಷತ್ರಗಳ ವಿಷಯದಲ್ಲಿ ನಾವು ಎಷ್ಟು ದೂರವಿದ್ದೇವೆಂದರೆ ಗ್ರಹ ನಕ್ಷತ್ರಕ್ಕೆ ಅಂಟಿಕೊಂಡಿದೆ ಎಂದೇ ಲೆಕ್ಕ.

ಇದಕ್ಕೆ ನಮ್ಮ ಆಕಾಶದಲ್ಲಿಯೇ ಸಾಕ್ಷಿ ಇತ್ತು. 2012ರ ಜೂನ್ 6ರ ಬೆಳಿಗ್ಗೆ ಶುಕ್ರ ಸಂಕ್ರಮಣವಾದಾಗ, ಭೂಮಿಯಿಂದ ಕಂಡ ಶುಕ್ರನ ಬಿಲ್ಲೆ ಸೂರ್ಯನ ಅಗಲದ ಸುಮಾರು 32ನೆಯ ಒಂದು ಭಾಗದಷ್ಟಿತ್ತು. ತಡೆದ ಬೆಳಕು ಸಾವಿರದಲ್ಲಿ ಒಂದು, ಅರಮನೆಯ ಲೆಕ್ಕದಲ್ಲಿ 97 ಬಲ್ಬು. ಅದೇ ಶುಕ್ರನನ್ನು ಬೇರೆ ನಕ್ಷತ್ರದ ಬಳಿಯಿಂದ ನೋಡಿದವರಿಗೆ ಆರುವುದು ಏಳೇ ಬಲ್ಬು. ಅಂದಹಾಗೆ, ನಿಮ್ಮ ಬಲ್ಬಿಗೆ ಕಡಲೆಕಾಳು ಗುರುಗ್ರಹವಾದರೆ ಭೂಮಿ ಅರ್ಧ ಮಿಲಿಮೀಟರ್, ಒಂದು ರವೆಯ ಕಾಳು. ಅದನ್ನೂ ಹಾಯಿಸಿ ನೋಡಲು ಮಕ್ಕಳಿಗೆ ಹೇಳಿ, ಮಾಪಕ ಕದಲುವುದಿಲ್ಲ. ಕೆಪ್ಲರ್ ಮಾಡಿದ ಕೆಲಸ ಎಂಥದೆಂದು ಆಗ ಅವರಿಗೆ ತಿಳಿಯುತ್ತದೆ.

ಎಂಜಿನಿಯರಿಂಗ್ ವಿದ್ಯಾರ್ಥಿ, ಮಂಡ್ಯ

ಕೆ2-18 ಬಿ ಎಂಬ ಗ್ರಹದಲ್ಲಿ ಜೀವಿಗಳು ಪತ್ತೆಯಾದವೆಂದು 2025ರಲ್ಲಿ ಸುದ್ದಿಯಾಗಿತ್ತು. ಕಾಣದ ಗ್ರಹದ ಗಾಳಿಯನ್ನು ಪರೀಕ್ಷಿಸುವುದು ಹೇಗೆ?

ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ, ಸರಸ್ವತಿಪುರಂ, ಮೈಸೂರು

ಅದೂ ಸಂಕ್ರಮಣದ ಮುಂದುವರಿಕೆಯೇ. ಗ್ರಹ ನಕ್ಷತ್ರದ ಮುಂದೆ ಹಾಯುವಾಗ ನಕ್ಷತ್ರದ ಬೆಳಕಿನ ಒಂದು ಅತಿ ಸಣ್ಣ ಪಾಲು ಗ್ರಹದ ಅಂಚಿನ ವಾತಾವರಣದ ಮೂಲಕ ಸೋಸಿ ಬರುತ್ತದೆ. ಅಲ್ಲಿರುವ ಅನಿಲ ತನಗೆ ತಕ್ಕ ಬಣ್ಣವನ್ನು ಹೀರುವುದರಿಂದ ಆ ಬಣ್ಣದಲ್ಲಿ ಗ್ರಹ ಸ್ವಲ್ಪ ದಪ್ಪವಾಗಿರುವಂತೆ, ಇಳಿತ ಸ್ವಲ್ಪ ಆಳವಾಗಿರುವಂತೆ ತೋರುತ್ತದೆ. ಕೆ2-18 ಬಿ ಸಿಂಹರಾಶಿಯಲ್ಲಿ ಸುಮಾರು 124 ಜ್ಯೋತಿರ್ವರ್ಷ ದೂರದಲ್ಲಿದೆ. ಅಲ್ಲಿ ಮೀಥೇನ್ ಮತ್ತು ಇಂಗಾಲದ ಡೈಆಕ್ಸೈಡ್ ಇರುವುದನ್ನು ಜೇಮ್ಸ್ ವೆಬ್ ದೂರದರ್ಶಕದ ಅಳತೆಗಳಿಂದ ಕೇಂಬ್ರಿಜ್‌ನ ನಿಕ್ಕು ಮಧುಸೂದನ್ ಅವರ ತಂಡ 2023ರಲ್ಲಿ ವರದಿ ಮಾಡಿತು. 2025ರಲ್ಲಿ ಅದೇ ತಂಡ, ಭೂಮಿಯಲ್ಲಿ ಮುಖ್ಯವಾಗಿ ಸಮುದ್ರದ ಸೂಕ್ಷ್ಮಜೀವಿಗಳಿಂದ ಬರುವ ಡೈಮೀಥೈಲ್ ಸಲ್ಫೈಡ್ ಎಂಬ ಅನಿಲದ ಸುಳಿವಿದೆ ಎಂದಿತು. ಅದೇ ದತ್ತಾಂಶವನ್ನು ಬೇರೆ ತಂಡಗಳು ಮತ್ತೆ ಪರಿಶೀಲಿಸಿ, ಸುಳಿವು ಅಷ್ಟು ಬಲವಾಗಿಲ್ಲ ಎಂದಿವೆ. ಜೀವಿಗಳಿಲ್ಲದ ಧೂಮಕೇತುವೊಂದರಲ್ಲಿಯೂ ಈ ಅನಿಲ ಕಂಡಿದೆ. ಜೀವಿಗಳು ಪತ್ತೆಯಾದವು ಎನ್ನುವುದು ಯಾವ ಅಳತೆಯೂ ಹೇಳದ ಮಾತು. ಗ್ರೇ ಅವರ ಕಥೆಯನ್ನು ನಾನು ಮೇಲೆ ಬರೆದದ್ದು ಇದಕ್ಕೂ ಅನ್ವಯಿಸುತ್ತದೆ.

ಉಳಿದ ವಿಧಾನಗಳನ್ನು ಚುಟುಕಾಗಿ ಹೇಳಿಬಿಡುತ್ತೇನೆ. ನೇರವಾಗಿ ಚಿತ್ರ ತೆಗೆದಿರುವುದೂ ಉಂಟು: ಎಚ್‌ಆರ್ 8799 ನಕ್ಷತ್ರದ ಬೆಳಕನ್ನು ಮರೆಮಾಡಿ, ಇನ್ನೂ ಬಿಸಿಯಾಗಿದ್ದು ಕಣ್ಣಿಗೆ ಕಾಣದ ಅವಕೆಂಪು ಬೆಳಕಿನಲ್ಲಿ ಹೊಳೆಯುವ ಅದರ ಗ್ರಹಗಳನ್ನು 2008ರಲ್ಲಿ ಕಂಡರು, ಆದರೆ ನಕ್ಷತ್ರದಿಂದ ಬಹು ದೂರವಿರುವ ದೈತ್ಯಗಳಿಗಷ್ಟೇ ಇದು ಒಗ್ಗುತ್ತದೆ. ಹಿನ್ನೆಲೆಯ ನಕ್ಷತ್ರದ ಬೆಳಕನ್ನು ಮುಂದಿನ ನಕ್ಷತ್ರದ ಗುರುತ್ವ ಮಸೂರದಂತೆ ಬಾಗಿಸುವಾಗ ಜೊತೆಯ ಗ್ರಹ ಇನ್ನೊಂದು ಕಿರು ಮಿನುಗನ್ನು ಸೇರಿಸುವುದನ್ನು ಹಿಡಿಯುವ ವಿಧಾನವೂ ಇದೆ. ಎಲ್ಲಕ್ಕಿಂತ ಮೊದಲು, 1992ರಲ್ಲಿಯೇ, ಅಲೆಕ್ಸಾಂಡರ್ ವೊಲ್ಶ್ಚಾನ್ ಮತ್ತು ಡೇಲ್ ಫ್ರೇಲ್ ಅವರು ಪಲ್ಸಾರ್ ಎಂಬ ಸತ್ತ ನಕ್ಷತ್ರದ ರೇಡಿಯೋ ಮಿಡಿತಗಳು ಬೇಗ ಬರುವುದನ್ನೂ ತಡವಾಗುವುದನ್ನೂ ಎಣಿಸಿ ಅಲ್ಲಿ ಗ್ರಹಗಳಿವೆ ಎಂದು ತೋರಿಸಿದ್ದರು.

ವಿಜ್ಞಾನ ಶಿಕ್ಷಕಿ, ಮದ್ದೂರು

ಕಾಳನ್ನು ಬಲ್ಬಿನ ಹತ್ತಿರ ಹಿಡಿದು, ಮೊಬೈಲನ್ನು ಕೊಠಡಿಯ ಇನ್ನೊಂದು ತುದಿಗೆ ಒಯ್ದೆವು. ಶೇಕಡ ಒಂದಕ್ಕೆ ಬಹಳ ಹತ್ತಿರ ಬಂತು. ರವೆಯ ಕಾಳಿಗೆ ಮಾಪಕ ಕದಲಲಿಲ್ಲ. ಅದೇ ಹುಡುಗಿ ಈಗ ಹೊಸ ಪ್ರಶ್ನೆ ಕೇಳಿದ್ದಾಳೆ: "ಮಿಸ್, ಅಲ್ಲಿಂದ ಯಾರಾದರೂ ಹೀಗೆ ಅಳೆದರೆ ನಮ್ಮ ಭೂಮಿ ಅವರಿಗೆ ಸಿಗುತ್ತದೆಯೇ?"

ಅಗ್ರಹಾರ ನಿವಾಸಿ, ಮೈಸೂರು

ಎಲ್ಲ ಕಡೆಯಿಂದ ಸಿಗುವುದಿಲ್ಲ. ಭೂಮಿ ಸೂರ್ಯನ ಮುಂದೆ ಹಾಯುವುದನ್ನು ಕಾಣಲು ಅವರು ಭೂಮಿಯ ಕಕ್ಷೆಯ ಸಮತಲದಲ್ಲಿಯೇ ಇರಬೇಕು. ನಮ್ಮ ಆಕಾಶದಲ್ಲಿ ಅದು ಸೂರ್ಯನು ವರ್ಷವಿಡೀ ನಡೆಯುವ ಹಾದಿ, ಮೇಷದಿಂದ ಮೀನದವರೆಗಿನ ರಾಶಿಚಕ್ರದ ನಡುಗೆರೆ. ಆ ಗೆರೆಯ ಎರಡೂ ಬದಿಗೆ ಸೇರಿ ಸುಮಾರು ಅರ್ಧ ಡಿಗ್ರಿಯಷ್ಟೇ ಅಗಲದ ಪಟ್ಟಿ, ಹುಣ್ಣಿಮೆಯ ಚಂದ್ರನ ಅಗಲದಷ್ಟು. ಲಿಸಾ ಕಾಲ್ಟೆನೆಗರ್ ಮತ್ತು ಜಾಕಿ ಫಾಹರ್ಟಿ ಅವರು 2021ರಲ್ಲಿ ಲೆಕ್ಕ ಹಾಕಿ, 326 ಜ್ಯೋತಿರ್ವರ್ಷದೊಳಗೆ 1,715 ನಕ್ಷತ್ರಗಳು ಕಳೆದ ಐದು ಸಾವಿರ ವರ್ಷಗಳಲ್ಲಿ ಈ ಪಟ್ಟಿಯೊಳಗೆ ಇದ್ದವೆಂದು ತೋರಿಸಿದ್ದಾರೆ. ನಕ್ಷತ್ರಗಳೂ ಚಲಿಸುವುದರಿಂದ ಕೆಲವು ಹೊರಗೆ ಹೋಗುತ್ತವೆ, ಕೆಲವು ಒಳಗೆ ಬರುತ್ತವೆ. 40 ಜ್ಯೋತಿರ್ವರ್ಷ ದೂರದ ಟ್ರಾಪಿಸ್ಟ್-1 ಎಂಬ ಪುಟ್ಟ ಕೆಂಪು ನಕ್ಷತ್ರಕ್ಕೆ ಭೂಮಿಯ ಗಾತ್ರದ ಏಳು ಗ್ರಹಗಳಿವೆ. ಅವೆಲ್ಲ ನಮಗೆ ಸಂಕ್ರಮಣದಿಂದಲೇ ಸಿಕ್ಕಿದವು. ಅಲ್ಲಿಂದ ನಾವು ಇಂದು ಕಾಣುವುದಿಲ್ಲ. ಸುಮಾರು 1,600 ವರ್ಷಗಳ ನಂತರ ಅದು ಆ ಪಟ್ಟಿಯೊಳಗೆ ಬರುತ್ತದೆ.

ಆಗ ಅಲ್ಲಿ ಯಾರಾದರೂ ನಮ್ಮ ಸೂರ್ಯನನ್ನು ಅಳೆಯುತ್ತಿದ್ದರೆ, ವರ್ಷಕ್ಕೊಂದು ಸಲ, ಹೆಚ್ಚೆಂದರೆ 13 ಗಂಟೆಗಳ ಕಾಲ, 97,000 ಬಲ್ಬುಗಳಲ್ಲಿ ಎಂಟು ಆರಿ ಮತ್ತೆ ಹೊತ್ತಿಕೊಳ್ಳುತ್ತವೆ. ಕೆಪ್ಲರ್ ತಂಡದ ನಿಯಮವನ್ನೇ ಅವರೂ ಪಾಲಿಸಿದರೆ, ಅವರು ಮೂರನೆಯ ಇಳಿತದವರೆಗೆ ಕಾಯಬೇಕಾಗುತ್ತದೆ ಎಂದು ನಿಮ್ಮ ಹುಡುಗಿಗೆ ಹೇಳಿ, ಮೇಡಂ.